ಬೆಂಗ್ರೆಯ ಮನೆಯಲ್ಲಿ ಫ್ಲ್ಯಾಶ್ ಪ್ಲಗಿನ್

ವಿಡಿಯೋ ಇರಬೇಕಾದ ಜಾಗದಲ್ಲಿ ಒಂದು ಬೂದು ಚೌಕ ಮಾತ್ರ ಇತ್ತು. ಅದರೊಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಈ ಪ್ಲಗಿನ್‌ಗೆ ಇನ್ನು ಬೆಂಬಲವಿಲ್ಲ. ಟೀಚರ್ ಆ ಚೌಕದ ಮೇಲೆ ಮೌಸ್ ಇಟ್ಟು ಎರಡು ಮೂರು ಸಲ ಒತ್ತಿದರು. ಆಮೇಲೆ ತಿರುಗಿ ನನ್ನ ಮುಖ ನೋಡಿದರು.

“ಇದೇ ಅಕ್ಕ ನಾನು ಫೋನಲ್ಲಿ ಹೇಳಿದ್ದು. ಇದನ್ನು ಓಡಿಸ್ಲಿಕ್ಕೆ ಆಗ್ತದಾ?”

“ನೋಡುವ ಟೀಚರ್,” ಎಂದೆ. ಗಿರಾಕಿಗಳಿಗೆ ನಾನು ಮೊದಲು ಹೇಳುವ ಮಾತು ಅದೇ.

ಜೆಪ್ಪುವಿನಲ್ಲಿರುವ ನನ್ನ ತಂದೆಯ ವಾಚ್ ಅಂಗಡಿಯ ಒಂದು ಬದಿಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಕಚೇರಿ, ಕಾಲೇಜುಗಳು ಮಾರಿಬಿಡುವ ಹಳೆಯ ಯಂತ್ರಗಳಿಗೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿ ಮನೆಗಳಿಗೆ ಕೊಡುತ್ತೇನೆ. ನದಿಯಾಚೆ ಮೀನುಗಾರರ ಊರಾದ ಬೆಂಗ್ರೆಯ ಈ ಮನೆಯ ಯಂತ್ರವೂ ಅಂಥದ್ದೇ. ಟೀಚರ್ ಅಲ್ಲೇ ಅಂಗನವಾಡಿಯಲ್ಲಿ ಕೆಲಸಕ್ಕಿದ್ದಾರೆ. ಮನೆಯಲ್ಲಿ ಅವರು ಮತ್ತು ಅವರ ತಾಯಿ ಇಬ್ಬರೇ. ನಾವು ಮಾತಾಡುವುದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಟೀಚರ್ ಅವರ ಅಣ್ಣ ಆಳಸಮುದ್ರದ ಬೋಟಿಗೆ ಹೋಗುತ್ತಿದ್ದವರು. ಕೆಲವು ವರ್ಷಗಳ ಹಿಂದೆ ಅವರಿದ್ದ ಬೋಟು ಮಗುಚಿತು. ಕೆಲವರ ಶವ ಸಿಕ್ಕಿತು, ಅಣ್ಣನದು ಸಿಗಲಿಲ್ಲ. ಬದುಕಿ ಬಂದವನು ಒಬ್ಬನೇ, ಭಟ್ಕಳದ ಕಡೆಯ ಒಬ್ಬ ಕೆಲಸಗಾರ. ಅವನು ಆಸ್ಪತ್ರೆಯಲ್ಲಿದ್ದಾಗ ಊರಿನ ಒಂದು ಕೇಬಲ್ ಚಾನೆಲ್‌ನವರು ಅವನನ್ನು ಮಾತಾಡಿಸಿ ಸುದ್ದಿ ಮಾಡಿದ್ದರು. ಅದನ್ನು ಟಿವಿಯಲ್ಲಿ ನೋಡಿದವರು ಬೆಂಗ್ರೆಯಲ್ಲಿ ಬೇಕಷ್ಟು ಜನರಿದ್ದರು, ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅಣ್ಣ ಕ್ಯಾಬಿನ್ನಿನೊಳಗೆ ಇದ್ದಾಗಲೇ ಬೋಟು ಮಗುಚಿತು ಎಂದು ಅವನು ಹೇಳಿದನೆಂದು ಕೆಲವರು. ಅಣ್ಣ ಡೀಸೆಲ್ ಕ್ಯಾನ್ ಅಪ್ಪಿಕೊಂಡು ತೇಲುತ್ತ ದೂರ ಹೋದದ್ದನ್ನು ನೋಡಿದೆ ಎಂದನೆಂದು ಇನ್ನು ಕೆಲವರು. ಆ ಹೊತ್ತಿನಲ್ಲಿ ತಾಯಿ ಜ್ವರ ಬಂದು ಮಲಗಿದ್ದರು, ಟೀಚರ್ ಅವರ ಬಳಿ ಇದ್ದರು. ಇಬ್ಬರೂ ಸುದ್ದಿ ನೋಡಿರಲಿಲ್ಲ. ಟೀಚರ್ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆ ಕೆಲಸಗಾರ ಊರಿಗೆ ಹೋಗಿಯಾಗಿತ್ತು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಆಮೇಲೆ ಅವನೂ ಕಾಮಾಲೆಯಲ್ಲಿ ತೀರಿಕೊಂಡನೆಂದು ಸುದ್ದಿ ಬಂತು.

ಕ್ಯಾನ್ ಹಿಡಿದು ತೇಲಿದವನನ್ನು ಯಾವುದಾದರೂ ಹಡಗು ಎತ್ತಿಕೊಂಡಿರಬಹುದು ಎಂಬ ಆಸೆ ತಾಯಿಗೆ. ಹಾಗಾಗಿ ಮಗನ ಬೊಜ್ಜಕ್ಕೆ, ಎಂದರೆ ಉತ್ತರಕ್ರಿಯೆಗೆ, ಅವರು ಒಪ್ಪಿರಲಿಲ್ಲ. ಈಚೆಗೆ ಊರಿನ ಹಿರಿಯರು, ಶುಭಕಾರ್ಯ ನಡೆಸದ ಮಳೆಗಾಲದ ಆಟಿ ತಿಂಗಳು ಬರುವ ಮೊದಲು ಮುಗಿಸಿಬಿಡಿ, ಹೀಗೆ ಬಾಕಿ ಇಡಬಾರದು ಎಂದು ಮನೆಗೆ ಬಂದು ಹೇಳತೊಡಗಿದ್ದರು. ತಾಯಿಯದು ಒಂದೇ ಮಾತು: “ಆ ಬದುಕಿ ಬಂದವ ಎಂತ ಹೇಳಿದ ಅಂತ ನನ್ನ ಕಿವಿಯಲ್ಲಿ ಕೇಳ್ಬೇಕು. ಆಮೇಲೆ ನೋಡುವ.”

ಚಾನೆಲ್ ಮುಚ್ಚಿಹೋಗಿತ್ತು. ಅದರ ವೆಬ್‌ಸೈಟ್ ಮಾತ್ರ ಯಾರೂ ನೋಡಿಕೊಳ್ಳದೆ ಹಾಗೆಯೇ ಉಳಿದಿತ್ತು. ಟೀಚರ್ ಅದರಲ್ಲಿ ಹುಡುಕಿ ಹುಡುಕಿ ಆ ಪುಟವನ್ನು ತೆಗೆದಿದ್ದರು. ಬೋಟಿನ ಹೆಸರು, ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತವನ ಸಣ್ಣ ಫೋಟೋ, ಅದರ ಕೆಳಗೆ ಆ ಬೂದು ಚೌಕ.

ಬ್ರೌಸರ್‌ಗೆ ತಾನಾಗಿ ಗೊತ್ತಿಲ್ಲದ ಕೆಲಸವನ್ನು ಮಾಡಿಕೊಡುವ ಸಣ್ಣ ತಂತ್ರಾಂಶವೇ ಪ್ಲಗಿನ್. ಒಂದು ಕಾಲದಲ್ಲಿ ವಿಡಿಯೋ ನೋಡಬೇಕಾದರೆ ಫ್ಲ್ಯಾಶ್ ಎಂಬ ಪ್ಲಗಿನ್ ಬೇಕೇ ಬೇಕಿತ್ತು. ಈಗ ಅದನ್ನು ಮಾಡಿದವರೇ ನಿಲ್ಲಿಸಿದ್ದಾರೆ, ಬ್ರೌಸರ್‌ಗಳು ಅದನ್ನು ಹೊರಗೆ ಹಾಕಿವೆ. ಫೋನಿನಲ್ಲಿ ನೋಡುವ ಹಾಗಿಲ್ಲ, ನನ್ನ ಅಂಗಡಿಯ ಹೊಸ ಯಂತ್ರಗಳಲ್ಲೂ ನೋಡುವ ಹಾಗಿಲ್ಲ. ಹಳೆಯ ಪ್ಲಗಿನ್ ಹಾಕಿ ನೋಡಲು ಇಂಥ ಹಳೆಯ ಯಂತ್ರವೇ ವಾಸಿ ಎನಿಸಿತು. ತಾಯಿಗೆ ನದಿ ದಾಟಿ ಜೆಪ್ಪುವಿಗೆ ಬರುವುದೂ ಕಷ್ಟ. ಹಾಗಾಗಿ ನಾನೇ ಹೋಗುವುದೆಂದಾಯಿತು.

ಮೊದಲು ಸುಲಭದ ದಾರಿ ನೋಡಿದೆ. ಪುಟದ ಒಳಗಿನ ಬರಹ ತೆರೆದು, ವಿಡಿಯೋ ಫೈಲಿನ ವಿಳಾಸ ಹುಡುಕಿ, ನೇರವಾಗಿ ಇಳಿಸಿಕೊಳ್ಳಲು ಹೊರಟೆ. ಅನುಮತಿ ಇಲ್ಲ ಎಂಬ ಉತ್ತರ ಬಂತು. ಬೇರೆ ಚಾನೆಲ್‌ಗಳು ಕದಿಯದಿರಲೆಂದು, ಆ ಪುಟದ ಪ್ಲೇಯರ್ ಹೊತ್ತುಹೊತ್ತಿಗೆ ಒಂದು ಗುರುತುಸಂಖ್ಯೆ ಮಾಡಿ ಕಳಿಸಿದರೆ ಮಾತ್ರ ಸರ್ವರ್ ಫೈಲು ಬಿಡುವ ಹಾಗೆ ಮಾಡಿದ್ದರು. ಪ್ಲೇಯರ್ ಇದ್ದದ್ದು ಫ್ಲ್ಯಾಶ್‌ನಲ್ಲಿ. ಫ್ಲ್ಯಾಶ್ ಇಲ್ಲದೆಯೇ ಅಂಥದ್ದನ್ನು ಓಡಿಸುತ್ತೇವೆ ಎನ್ನುವ ಒಂದೆರಡು ಹೊಸ ತಂತ್ರಾಂಶಗಳನ್ನು ಹಾಕಿ ನೋಡಿದೆ. ಒಂದರಲ್ಲಿ ಏನೂ ಮೂಡಲಿಲ್ಲ. ಇನ್ನೊಂದರಲ್ಲಿ ಪ್ಲೇ ಬಟನ್ ಮೂಡಿತು, ಒತ್ತಿದರೆ ಚೌಕ ಕಪ್ಪಾಗಿ ಅಲ್ಲಿಗೇ ನಿಂತಿತು.

“ಬಟನ್ ಬಂತಲ್ಲ?” ಎಂದರು ತಾಯಿ. ಅವರು ನನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು.

“ಬಟನ್ ಬಂದದ್ದಷ್ಟೇ ಅಮ್ಮ.”

ಇನ್ನು ಹಳೆಯ ಪ್ಲಗಿನ್ನನ್ನೇ ಹುಡುಕಬೇಕಿತ್ತು. ಲಿನಕ್ಸಿನ ತಂತ್ರಾಂಶ ಭಂಡಾರದಲ್ಲಿ ಅದನ್ನು ಹಾಕಿಕೊಡುವ ಪೊಟ್ಟಣ, ಎಂದರೆ ಪ್ಯಾಕೇಜು, ಇನ್ನೂ ಇತ್ತು. ಆದರೆ ಅದು ಕಂಪನಿಯ ವಿಳಾಸಕ್ಕೆ ಹೋಗಿ ಫೈಲು ತರಲು ನೋಡುತ್ತಿತ್ತು, ಅಲ್ಲಿ ಫೈಲು ಇರಲಿಲ್ಲ. ಅಂಗಡಿಗೆ ವಾಪಸು ಬಂದು ನನ್ನ ಹಳೆಯ ಹಾರ್ಡ್ ಡಿಸ್ಕುಗಳನ್ನು ಒಂದೊಂದಾಗಿ ಜೋಡಿಸಿ ನೋಡಿದೆ. ಯಾವುದೋ ಗಿರಾಕಿಯ ಬ್ಯಾಕಪ್ಪಿನಲ್ಲಿ ಪ್ಲಗಿನ್ ಸಿಕ್ಕಿತು. ಅದನ್ನು ಒಪ್ಪಿಕೊಳ್ಳುವ ಹಳೆಯ ಕಾಲದ ಬ್ರೌಸರ್ ಒಂದನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡೆ.

ಮರುದಿನ ಗಾಳಿ ಜೋರಾಗಿ ನದಿ ದಾಟಿಸುವ ಫೆರಿ ದೋಣಿ ನಿಂತಿತ್ತು. ಕೂಳೂರು ಸುತ್ತಿ ಬಸ್ಸಿನಲ್ಲಿ ಹೋದೆ. ಮೀನುಗಾರಿಕೆ ನಿಷೇಧದ ಕಾಲವಾದ್ದರಿಂದ ಕೆಲಸವಿಲ್ಲದ ಗಂಡಸರು ಅಲ್ಲಲ್ಲಿ ಕುಳಿತು ಬಲೆ ಸರಿಮಾಡುತ್ತಿದ್ದರು. ನಾನು ಯಾರು, ಯಾವ ಮನೆಗೆ, ಯಾಕೆ ಹೋಗುತ್ತಿದ್ದೇನೆ ಎಂಬುದು ಆಗಲೇ ಎಲ್ಲರಿಗೂ ಗೊತ್ತಿದ್ದ ಹಾಗಿತ್ತು.

“ಆಯಿತಾ?” ಎಂದು ಒಬ್ಬರು ಕೇಳಿದರು.

“ಇಲ್ಲ, ನೋಡ್ತಾ ಇದ್ದೇನೆ.”

“ಆ ಮುದುಕಿಗೆ ಸುಮ್ಮನೆ ಆಸೆ ಹುಟ್ಟಿಸ್ಬೇಡಿ ಮಾರಾಯ್ರೆ.”

ಅವರು ಒರಟಾಗಿ ಹೇಳಲಿಲ್ಲ. ನಾನು ಮುಂದೆ ನಡೆದೆ.

ಹಳೆಯ ಬ್ರೌಸರನ್ನು ಬೇರೆಯೇ ಫೋಲ್ಡರಿನಲ್ಲಿ ಬಿಚ್ಚಿ, ತಾನಾಗಿ ಹೊಸದಾಗುವ ವ್ಯವಸ್ಥೆಯನ್ನು ನಿಲ್ಲಿಸಿ, ಪ್ಲಗಿನ್ ಫೈಲನ್ನು ಅದರ ಜಾಗದಲ್ಲಿಟ್ಟೆ. ಬ್ರೌಸರ್ ತೆರೆಯಿತು. ಪ್ಲಗಿನ್‌ಗಳ ಪಟ್ಟಿ ಖಾಲಿ. ಆಜ್ಞೆ ಟೈಪ್ ಮಾಡುವ ಟರ್ಮಿನಲ್ಲಿನಿಂದ ಓಡಿಸಿ ನೋಡಿದಾಗ ಕಾರಣ ತಿಳಿಯಿತು: ನಾನು ತಂದ ಪ್ಲಗಿನ್ ಅರವತ್ತನಾಲ್ಕು ಬಿಟ್ಟಿನದು, ಈ ಯಂತ್ರ ಮೂವತ್ತೆರಡು ಬಿಟ್ಟಿನದು, ಒಂದಕ್ಕೊಂದು ಹೊಂದುವುದಿಲ್ಲ. ಒಂದು ದಿನ ಹೋಯಿತು.

ಮೂವತ್ತೆರಡು ಬಿಟ್ಟಿನ ಪ್ಲಗಿನ್ ಸಿಗಲು ಇನ್ನಷ್ಟು ದಿನ ಹಿಡಿಯಿತು. ಅಂತರ್ಜಾಲದಲ್ಲಿ ಆ ಹೆಸರಿನಲ್ಲಿ ಸಿಗುವ ಫೈಲುಗಳಲ್ಲಿ ಅರ್ಧಕ್ಕೆ ಅರ್ಧ ವೈರಸ್. ಹಳೆಯ ತಂತ್ರಾಂಶಗಳನ್ನು ಕೂಡಿಟ್ಟವರ ಒಂದು ಸಂಗ್ರಹದಲ್ಲಿ ನಂಬುವಂಥದ್ದು ಸಿಕ್ಕಿ, ಮತ್ತೆ ಬೆಂಗ್ರೆಗೆ ಹೋದೆ. ಈ ಸಲ ಪಟ್ಟಿಯಲ್ಲಿ ಅದರ ಹೆಸರು ಮೂಡಿತು. ಪುಟ ತೆರೆದೆ. ಬೂದು ಚೌಕ ಹೋಗಿ ಅಲ್ಲೊಂದು ಸಣ್ಣ ವೃತ್ತದ ಗುರುತು ಬಂತು. ಅದಕ್ಕಿಂತ ಮುಂದೆ ಏನೂ ಇಲ್ಲ. ಒಂದು ದಿನಾಂಕ ದಾಟಿದ ಮೇಲೆ ತಾನೇ ಕೆಲಸ ನಿಲ್ಲಿಸುವಂತೆ ಆ ಪ್ಲಗಿನ್ನಿನ ಒಳಗೇ ಬರೆದಿಟ್ಟಿದ್ದರು. ನಾವು ಆ ದಿನಾಂಕ ದಾಟಿ ಎಷ್ಟೋ ಕಾಲವಾಗಿತ್ತು.

ಯಂತ್ರದ ಕ್ಯಾಲೆಂಡರನ್ನು ಹಿಂದಕ್ಕೆ ತಿರುಗಿಸಿದೆ. ವೃತ್ತ ಹೋಗಿ ಪ್ಲೇಯರ್ ಬಂತು. ಟೀಚರ್ ತಾಯಿಯ ಭುಜ ಹಿಡಿದರು. ಒತ್ತಿದೆ. ಸರ್ವರ್ ಒಪ್ಪಲಿಲ್ಲ. ಪ್ಲೇಯರ್ ಕಳಿಸುವ ಗುರುತುಸಂಖ್ಯೆಯಲ್ಲಿ ಯಂತ್ರದ ಸಮಯವೂ ಸೇರಿರುತ್ತದೆ, ಅಷ್ಟು ಹಳೆಯ ಸಮಯವನ್ನು ಸರ್ವರ್ ತಿರಸ್ಕರಿಸುತ್ತಿತ್ತು. ದಿನಾಂಕ ಸರಿಯಿದ್ದರೆ ಪ್ಲಗಿನ್ ಓಡುವುದಿಲ್ಲ, ಹಿಂದೆ ಹೋದರೆ ಸರ್ವರ್ ಕೊಡುವುದಿಲ್ಲ. ತಾಯಿ ಅವಲಕ್ಕಿ, ಚಹಾ ಕೊಟ್ಟು, “ನಾಳೆ ಬರ್ತೀಯಾ ಮಗಾ?” ಎಂದರು ಅಷ್ಟೇ.

ನಾಳೆ ಹೋಗಲಿಲ್ಲ. ನಾಡಿದ್ದೂ ಹೋಗಲಿಲ್ಲ. ಅಂಗಡಿಯಲ್ಲಿ ಬೇರೆ ಕೆಲಸ ಇತ್ತು ಎಂಬುದು ನಿಜ. ಟೀಚರ್‌ಗೆ ಮುಖ ತೋರಿಸಲು ಆಗದೆ ಉಳಿದೆ ಎಂಬುದೂ ನಿಜ. ಕೈಬಿಡುತ್ತೇನೆಂದು ಹೇಳಲು ಫೋನ್ ಎತ್ತಬೇಕೆನ್ನುವಷ್ಟರಲ್ಲಿ, ಪ್ಲಗಿನ್ನಿನ ಹಳೆಯ ಕೈಪಿಡಿಯೊಂದನ್ನು ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಈ ಪ್ಲಗಿನ್ನನ್ನು ಬಿಡಲಾಗದ ದೊಡ್ಡ ಕಚೇರಿಗಳಿಗಾಗಿ ಒಂದು ಕಿಂಡಿ ಉಳಿಸಿದ್ದರು. ಒಂದು ಸಣ್ಣ ಸೆಟ್ಟಿಂಗ್ ಫೈಲು ಬರೆದು, ಇಂಥ ವಿಳಾಸಕ್ಕೆ ಮಾತ್ರ ಅನುಮತಿ ಎಂದರೆ, ದಿನಾಂಕ ದಾಟಿದ್ದರೂ ಪ್ಲಗಿನ್ ಅಲ್ಲಿ ಕೆಲಸ ಮಾಡುತ್ತದೆ.

ಫೆರಿ ಮತ್ತೆ ಶುರುವಾಗಿತ್ತು. ಬೆಳಿಗ್ಗೆಯೇ ದಾಟಿದೆ. ಕ್ಯಾಲೆಂಡರ್ ಸರಿಮಾಡಿ, ಆ ಫೈಲಿನಲ್ಲಿ ಚಾನೆಲ್‌ನ ವಿಳಾಸ ಬರೆದು, ಉಳಿಸಿ, ಬ್ರೌಸರ್ ತೆರೆದೆ. ಪ್ಲೇಯರ್ ಬಂತು. ಒತ್ತಿದೆ. ಕೆಂಪು ಗೆರೆ ನಿಧಾನವಾಗಿ ಮುಂದೆ ಹೋಯಿತು, ಚಿತ್ರ ಮೂಡಿತು.

ಆಸ್ಪತ್ರೆಯ ಹಾಸಿಗೆ. ಕೈಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಸಣ್ಣ ಪ್ರಾಯದವನು. ಮುಖ ಬಿಸಿಲಿಗೆ, ಉಪ್ಪಿಗೆ ಸುಲಿದುಹೋಗಿತ್ತು. ಅವನು ಮಾತಾಡುತ್ತಿದ್ದ. ಶಬ್ದ ಮಾತ್ರ ಬರುತ್ತಿರಲಿಲ್ಲ.

ತಾಯಿ ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಬಂದರು. ಅವನು ಮಾತಾಡುತ್ತ ಮಾತಾಡುತ್ತ ಎರಡೂ ಕೈಗಳನ್ನು ಎದೆಯ ಮುಂದೆ ತಂದು ಏನನ್ನೋ ತಬ್ಬಿಕೊಂಡಂತೆ ಮಾಡಿದ. ಆಮೇಲೆ ಪಟ್ಟಿ ಇಲ್ಲದ ಕೈಯನ್ನು ಚಾಚಿ ದೂರಕ್ಕೆ ತೋರಿಸಿದ.

“ಕ್ಯಾನ್!” ಎಂದರು ತಾಯಿ. “ನೋಡಿದೆಯಾ? ಕ್ಯಾನ್ ಹಿಡ್ಕೊಂಡದ್ದು ತೋರಿಸ್ತಾ ಇದ್ದಾನೆ. ಆ ಕಡೆ ಹೋದ ಅಂತ ಹೇಳ್ತಾ ಇದ್ದಾನೆ.”

“ಅಮ್ಮ, ಅವ ತಾನು ಹಿಡ್ಕೊಂಡದ್ದನ್ನೂ ಹೇಳ್ತಾ ಇರಬಹುದು,” ಎಂದರು ಟೀಚರ್.

“ಶಬ್ದ ಮಾಡು ಮಗಾ. ಬೇಗ ಶಬ್ದ ಮಾಡು.”

ನನ್ನ ಗಂಡ ಗಲ್ಫಿನಿಂದ ವಿಡಿಯೋ ಕರೆ ಮಾಡುವಾಗ ಎಷ್ಟೋ ಸಲ ಹೀಗೇ ತುಟಿ ಆಡುತ್ತದೆ, ಧ್ವನಿ ಬರುವುದಿಲ್ಲ. ಕಟ್ ಮಾಡಿ ಮತ್ತೆ ಮಾಡಿದರೆ ಸರಿಯಾಗುತ್ತದೆ. ಇಲ್ಲಿ ಹಾಗಲ್ಲ. ಆ ಕಾಲದ ಪ್ಲಗಿನ್ ಧ್ವನಿಯನ್ನು ಒಂದು ದಾರಿಯಲ್ಲಿ ಕಳಿಸುತ್ತಿತ್ತು, ಈಗಿನ ಲಿನಕ್ಸ್ ಇನ್ನೊಂದು ದಾರಿಯಲ್ಲಿ ಕಾಯುತ್ತಿತ್ತು. ನಡುವೆ ಜೋಡಿಸುವ ಒಂದು ಸಣ್ಣ ಪೊಟ್ಟಣ ಹಾಕಬೇಕು. ಅದನ್ನು ಇಳಿಸುವಾಗಲೇ ಕರೆಂಟ್ ಹೋಯಿತು. ಮಧ್ಯಾಹ್ನದವರೆಗೂ ಬರಲಿಲ್ಲ. ಮೂವರೂ ಕಪ್ಪು ಪರದೆಯ ಮುಂದೆಯೇ ಕುಳಿತಿದ್ದೆವು. ಆ ಹೊತ್ತಿನಲ್ಲಿ ತಾಯಿ ಮಗನ ಬಗ್ಗೆ ಮಾತಾಡಿದಷ್ಟು ಮೊದಲು ಯಾವತ್ತೂ ಮಾತಾಡಿರಲಿಲ್ಲ ಎಂದು ಟೀಚರ್ ಆಮೇಲೆ ಹೇಳಿದರು. ಅವನು ಚಿಕ್ಕಂದಿನಲ್ಲಿ ನದಿ ಕಡಲು ಸೇರುವ ಅಳಿವೆಯ ಬಳಿ ಈಜಿ ಬೈಗುಳ ತಿಂದದ್ದು, ಬಂಗುಡೆ ಮೀನಿನ ತಲೆಯನ್ನೇ ಮೊದಲು ತಿನ್ನುತ್ತಿದ್ದದ್ದು, ನೀರಿನಲ್ಲಿ ದಿನಗಟ್ಟಲೆ ಇರಬಲ್ಲ ಎಂದು ಅವನ ಅಪ್ಪನೇ ಹೇಳುತ್ತಿದ್ದದ್ದು. ಎಲ್ಲವನ್ನೂ ಬದುಕಿರುವವನ ಬಗ್ಗೆ ಹೇಳುವ ಹಾಗೆಯೇ ಹೇಳಿದರು.

ಕರೆಂಟ್ ಬಂತು. ಪೊಟ್ಟಣ ಹಾಕಿದೆ. ಮೊದಲಿನಿಂದ ಓಡಿಸಿದೆ.

ಸ್ಪೀಕರಿನಲ್ಲಿ ಒಂದು ಗೊರಗೊರ, ಆಮೇಲೆ ಅವನ ಧ್ವನಿ, ತೀರಾ ಸಣ್ಣಗೆ: “ನಾವು ಬಲೆ ಎಳೀತಾ ಇದ್ವು. ಒಂದು ತೆರೆ ಬಂತು. ಅವ ನನ್ನ ಹಿಂದೆ...”

ಅಷ್ಟರಲ್ಲಿ ಸಂಗೀತ ಏರಿತು. ಅದರ ಮೇಲೆ ವಾರ್ತೆ ಓದುವವರ ಗಟ್ಟಿ ಧ್ವನಿ ಬಂತು. ಸಾವಿನ ದವಡೆಯಿಂದ ಪಾರಾಗಿ ಬಂದ ಕಡಲ ಮಗ, ಕಣ್ಣೀರಿನಲ್ಲಿ ಮುಳುಗಿದ ಮೀನುಗಾರ ಕುಟುಂಬಗಳು, ಪರಿಹಾರಕ್ಕೆ ಆಗ್ರಹ. ಅದರ ಕೆಳಗೆ ಅವನು ಮಾತಾಡುತ್ತಲೇ ಇದ್ದ. ಕೈಗಳನ್ನು ಎದೆಗೆ ತಂದ, ದೂರಕ್ಕೆ ತೋರಿಸಿದ. ಒಂದು ಅಕ್ಷರವೂ ಕೇಳಲಿಲ್ಲ. ಓದುವವರು ನಿಲ್ಲಿಸಿದಾಗ ಅವನ ಕೊನೆಯ ಮಾತು ಮತ್ತೆ ಮೇಲೆ ಬಂತು: “ಅಷ್ಟೇ ನನಗೆ ಗೊತ್ತಿರುವುದು.” ಚಾನೆಲ್‌ನ ಚಿಹ್ನೆ ಬಂದು ವಿಡಿಯೋ ಮುಗಿಯಿತು.

ತಾಯಿಯೇ ಕೇಳಿದರು, “ಆ ಓದುವ ಗಂಡಸಿನ ಮಾತು ತೆಗೀಲಿಕ್ಕೆ ಆಗ್ತದಾ?”

ಯಂತ್ರದ ಶಬ್ದವನ್ನು ಹಾಗೆಯೇ ರೆಕಾರ್ಡ್ ಮಾಡಿಕೊಂಡು ಅಂಗಡಿಗೆ ತಂದೆ. ಎಡ ಬಲ ಎರಡು ಪದರ ಬೇರೆ ಬೇರೆ ಇದ್ದರೆ ಒಂದನ್ನು ಇನ್ನೊಂದರಿಂದ ಕಳೆದು ನೋಡಬಹುದಿತ್ತು. ಇಲ್ಲಿ ಇದ್ದದ್ದು ಒಂದೇ ಪದರ. ಓದುವವರ ಧ್ವನಿಯನ್ನು ತಗ್ಗಿಸಿದರೆ ಅವನದೂ ಹೋಗುತ್ತಿತ್ತು. ಧ್ವನಿಗಳನ್ನು ಬೇರ್ಪಡಿಸುತ್ತೇವೆ ಎನ್ನುವ ಹೊಸ ತಂತ್ರಾಂಶಕ್ಕೂ ಹಾಕಿದೆ. ಸಂಗೀತ ಹೋಯಿತು. ಓದುವವರ ಕೆಳಗೆ ನೀರಿನೊಳಗಿಂದ ಬಂದಂಥ ಒಂದು ಗುಳುಗುಳು ಉಳಿಯಿತು. ಅದರಲ್ಲಿ ಬೇಕಾದರೆ ಕ್ಯಾನ್ ಎಂದೂ ಕೇಳಬಹುದು, ಕ್ಯಾಬಿನ್ ಎಂದೂ ಕೇಳಬಹುದು. ಹತ್ತಾರು ಸಲ ಕೇಳಿದ ಮೇಲೆ ನನಗೆ ನನ್ನ ಕಿವಿಯ ಮೇಲೆಯೇ ನಂಬಿಕೆ ಹೋಯಿತು.

ಉಳಿದದ್ದು ಒಂದೇ ದಾರಿ. ವಿಚಾರಿಸಿದಾಗ, ಆ ಸಂದರ್ಶನದ ಕ್ಯಾಮೆರಾ ಹಿಡಿದವರು ಈಗ ವಾಮಂಜೂರಿನಲ್ಲಿ ಮದುವೆ ವಿಡಿಯೋ ಮಾಡಿಕೊಂಡಿದ್ದಾರೆಂದು ತಿಳಿಯಿತು. ಹೋದೆ. ಸ್ಟುಡಿಯೋದಲ್ಲಿ ಒಂದು ಆಲ್ಬಂ ಜೋಡಿಸುತ್ತ ಕುಳಿತಿದ್ದರು. ಒಳ್ಳೆಯ ಮನುಷ್ಯ, ಕುರ್ಚಿ ಒರೆಸಿ ಕೊಟ್ಟರು.

“ಕಟ್ ಮಾಡದ ಫೂಟೇಜ್ ಉಂಟಾ ಸರ್?”

“ಎಲ್ಲಿಂದ ಮೇಡಂ? ನಮ್ಮಲ್ಲಿ ಇದ್ದದ್ದೇ ಎರಡು ಕಾರ್ಡ್. ಸಂಜೆ ಸುದ್ದಿಗೆ ಕೊಟ್ಟು, ಮರುದಿನ ಅದರ ಮೇಲೆಯೇ ಬೇರೆ ಶೂಟ್.”

“ಅವ ಎಂತ ಹೇಳಿದ ಅಂತ ನಿಮಗೆ ನೆನಪುಂಟಾ? ನೀವು ಎದುರೇ ಇದ್ರಲ್ಲ.”

ಅವರು ಆಲ್ಬಂ ಬದಿಗಿಟ್ಟು ಯೋಚಿಸಿದರು. ನೆನಪಿಸಿಕೊಳ್ಳಲು ನಿಜವಾಗಿ ಪ್ರಯತ್ನಿಸುತ್ತಿದ್ದಾರೆಂಬುದು ಮುಖದಲ್ಲೇ ಕಾಣುತ್ತಿತ್ತು.

“ಇಲ್ಲ ಮೇಡಂ. ನನ್ನ ಕಿವಿಯಲ್ಲಿ ಹೆಡ್‌ಫೋನ್ ಇತ್ತು, ಶಬ್ದದ ಲೆವೆಲ್ ಸರಿ ಬರ್ತದಾ ಅಂತ ನೋಡ್ತಾ ಇದ್ದೆ. ಮಾತು ಕೇಳ್ಲಿಲ್ಲ. ನಮ್ಮ ಕೆಲಸವೇ ಹಾಗೆ.”

ಮಾತಾಡಿಸಿದ ವರದಿಗಾರರ ಬಗ್ಗೆ ಕೇಳಿದೆ. ಅವರು ತೀರಿಕೊಂಡು ವರ್ಷವಾಯಿತು ಎಂದರು.

ನಾನು ಏಳುವಾಗ ಅವರು ಬಾಗಿಲವರೆಗೆ ಬಂದರು. “ಮೇಡಂ, ಒಂದು ಹೇಳ್ತೇನೆ, ತಪ್ಪು ತಿಳೀಬೇಡಿ. ನಾನು ನಿಮಗೆ ಹೇಳಿದೆ ಅಂತ ಹೇಳಿಬಿಡಿ. ಅವರ ಮಗ ಕ್ಯಾಬಿನ್ ಒಳಗೇ ಇದ್ದ, ಒಂದೇ ಏಟಿಗೆ ಹೋದ, ನೋವಾಗ್ಲಿಲ್ಲ ಅಂತ. ಬೇಕಾದರೆ ನಾನೇ ಫೋನಲ್ಲಿ ಹೇಳ್ತೇನೆ. ಆ ತಾಯಿಗೂ ಒಂದು ಸಮಾಧಾನ.”

ಅದು ಕೆಟ್ಟ ಮಾತೆಂದು ಆಗ ನನಗೆ ಅನಿಸಲಿಲ್ಲ. ಬಸ್ಸಿನಲ್ಲಿ ಕುಳಿತು, ಅದನ್ನು ಹೇಗೆ ಹೇಳಬಹುದು ಎಂದು ವಾಕ್ಯಗಳನ್ನೂ ಜೋಡಿಸಿದೆ. ತಾಯಿ ನಂಬುತ್ತಿದ್ದರು. ಬೊಜ್ಜ ಆಗುತ್ತಿತ್ತು, ಹಿರಿಯರು ಸುಮ್ಮನಾಗುತ್ತಿದ್ದರು, ಟೀಚರ್‌ಗೂ ಉಸಿರು ಬಿಡಲು ಆಗುತ್ತಿತ್ತು. ಆದರೆ ಆ ಮನೆಯಲ್ಲಿ ಇಷ್ಟು ದಿನ ನಾನು ಮಾಡಿದ್ದು ಒಂದೇ ಕೆಲಸ, ಆ ಬದುಕಿ ಬಂದವನು ಹೇಳಿದ್ದನ್ನು ಅವರಿಗೆ ಕೇಳಿಸುವುದು. ಅವನು ಹೇಳದ್ದನ್ನು ಅವನ ಬಾಯಿಗೆ ಹಾಕುವುದಾದರೆ, ಅವನ ಮಾತಿನ ಮೇಲೆ ವಾರ್ತೆ ಓದಿದವರಿಗೂ ನನಗೂ ಎಂತ ವ್ಯತ್ಯಾಸ? ದಕ್ಕೆಯಲ್ಲಿ ಫೆರಿ ಹತ್ತುವ ಮೊದಲು, ಇದ್ದದ್ದನ್ನೇ ಹೇಳುವುದೆಂದು ತೀರ್ಮಾನಿಸಿದೆ. ತೀರ್ಮಾನಿಸಿದ್ದರಿಂದ ಮನಸ್ಸು ಹಗುರವೇನೂ ಆಗಲಿಲ್ಲ.

ತಾಯಿ ಜಗಲಿಯಲ್ಲಿ ಕುಳಿತಿದ್ದರು. ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಧ್ವನಿ ಬೇರೆ ಮಾಡಲು ಆಗಲಿಲ್ಲ. ಕಾರ್ಡಿನ ಮೇಲೆ ಬೇರೆ ಶೂಟ್ ಆಗಿದೆ. ಕ್ಯಾಮೆರಾದವರಿಗೆ ನೆನಪಿಲ್ಲ. ವರದಿಗಾರರು ಇಲ್ಲ. ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು. ಟೀಚರ್ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು.

“ಅದನ್ನು ಇನ್ನೊಮ್ಮೆ ಹಾಕು,” ಎಂದರು ತಾಯಿ. “ಶಬ್ದ ಬೇಡ.”

ಹಾಕಿದೆ. ಸ್ಪೀಕರ್ ಬಂದ್ ಮಾಡಿದೆ. ಅವರು ನಿಂತುಕೊಂಡೇ ಅವನ ತುಟಿಯನ್ನು ಕೊನೆಯವರೆಗೂ ನೋಡಿದರು. ಕೈ ಎದೆಗೆ ಬಂದಾಗ ಈ ಸಲ ಅವರು ಏನೂ ಹೇಳಲಿಲ್ಲ.

“ಇನ್ನು ಕೇಳ್ಲಿಕ್ಕೆ ಯಾರಾದರೂ ಇದ್ದಾರಾ?”

“ಇಲ್ಲ ಅಮ್ಮ. ನನಗೆ ಗೊತ್ತಿದ್ದ ಹಾಗೆ ಯಾರೂ ಇಲ್ಲ.”

“ನಿನಗೆ ಮಾಡ್ಲಿಕ್ಕೆ ಎಂತಾದರೂ ಉಂಟಾ?”

“ಇಲ್ಲ.”

ಅವರು ಸೆರಗನ್ನು ಸರಿಮಾಡಿಕೊಂಡು ಮಗಳ ಕಡೆ ತಿರುಗಿದರು. “ಹಾಗಾದರೆ ಅವರಿಗೆ ಹೇಳು. ದಿನ ನೋಡ್ಲಿ.”

ಟೀಚರ್‌ಗೆ ಒಮ್ಮೆಗೇ ಅರ್ಥವಾಗಲಿಲ್ಲ. “ಎಂತದ್ದಕ್ಕೆ ಅಮ್ಮ?” ಎಂದು ಕೇಳಿಯೇಬಿಟ್ಟರು.

“ಬೊಜ್ಜಕ್ಕೆ.”

ಟೀಚರ್ ಬಾಗಿಲಲ್ಲೇ ಕುಳಿತು ಅತ್ತರು. ಇಷ್ಟು ವರ್ಷ ತಾಯಿಯನ್ನು ಒಪ್ಪಿಸಲು ನೋಡಿದವರು ಅವರೇ. ಈಗ ಒಪ್ಪಿದ ಮೇಲೆ, “ಅಮ್ಮ, ಇನ್ನು ಸ್ವಲ್ಪ ದಿನ ಕಾಯುವ” ಎಂದವರೂ ಅವರೇ. ತಾಯಿ ಮಗಳ ತಲೆಯ ಮೇಲೆ ಕೈಯಿಟ್ಟು ನಿಂತರು.

ನಾನು ಯಂತ್ರ ಬಂದ್ ಮಾಡಲು ಹೋದಾಗ ತಾಯಿ ಅಲ್ಲಿಂದಲೇ ಕೇಳಿದರು, “ನೀನೂ ಬರ್ತೀಯಲ್ಲ ಮಗಾ ಆ ದಿನ? ನಿಮ್ಮ ಜಾತಿಯಲ್ಲಿ ನಮ್ಮ ಬೊಜ್ಜಕ್ಕೆ ಬರಬಹುದಾ?”

“ಬರ್ತೇನೆ ಅಮ್ಮ,” ಎಂದೆ.